ಬಾಗಿಲ ಬಳಿ ಆಡಿದ ಮಾತು



ಈ ಕಾಲೇಜಿನಲ್ಲಿ ಈ ದತ್ತಿ ಉಪನ್ಯಾಸವನ್ನು ಇಟ್ಟವರು ನನ್ನನ್ನು ಕರೆಯಲು ಫೋನ್ ಮಾಡಿದಾಗ ತಮ್ಮ ತಾಯಿಯ ಬಗ್ಗೆ ಹೇಳಿದ್ದು ಎರಡೇ ವಾಕ್ಯ. "ಅಮ್ಮನಿಗೆ ಹೊಟ್ಟೆನೋವು ಇತ್ತು ಮೇಡಂ, ಎಷ್ಟೋ ವರ್ಷ ಇತ್ತು. ಎಂಥಾ ನೋವು ಅಂತ ನಾವು ಗಂಡುಮಕ್ಕಳು ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ." ಇದನ್ನು ಸಭೆಯಲ್ಲಿ ಹೇಳಬಹುದೇ ಎಂದು ಕೇಳಿದೆ. ಹೇಳಿ ಎಂದರು. ಆ ತಾಯಿಯ ಹೆಸರಿನಲ್ಲಿ ನಡೆಯುವ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಹೆಣ್ಣಿನ ಜನನಾಂಗದ ಸೋಂಕುಗಳು, ಮತ್ತು ಅವುಗಳಿಗಾಗಿ ಅವಳು ಆಸ್ಪತ್ರೆಯವರೆಗೆ ನಡೆದು ಬರುವ ದಾರಿ. ಆಹ್ವಾನ ಪತ್ರಿಕೆಯಲ್ಲಿ ಅದು "ಮಹಿಳೆ ಮತ್ತು ಆರೋಗ್ಯ" ಎಂದಷ್ಟೇ ಅಚ್ಚಾಗಿದೆ. ಅಚ್ಚು ಹಾಕಿಸುವಾಗ ಯಾರಿಗೋ ಸಂಕೋಚವಾಗಿರಬೇಕು. ಆ ಸಂಕೋಚವೂ ನನ್ನ ವಿಷಯದೊಳಗೇ ಬರುತ್ತದೆ.

ನಾನು ಸ್ತ್ರೀರೋಗ ವೈದ್ಯೆ. ಸರ್ಕಾರಿ ಸೇವೆಯಲ್ಲಿ ಮೂವತ್ತೊಂದು ವರ್ಷ ಕಳೆದೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ತಾಲ್ಲೂಕು ಆಸ್ಪತ್ರೆ, ಎಲ್ಲವೂ ಬಯಲುಸೀಮೆಯ ಊರುಗಳು. ಕೆಲಸಕ್ಕೆ ಸೇರಿದ ಮೂರನೆಯದೋ ನಾಲ್ಕನೆಯದೋ ವರ್ಷ ಇರಬೇಕು. ಆಗ ನಾನಿದ್ದ ಊರಿನಲ್ಲಿ ಸೋಮವಾರ ಸಂತೆಯ ದಿನ, ರೋಗಿಗಳ ಸಾಲು ಅಂಗಳದ ಬೇವಿನ ಮರದವರೆಗೆ ಇರುತ್ತಿತ್ತು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ಕುಳಿತಳು. ಏನಮ್ಮ ಎಂದೆ. "ಸುಸ್ತು" ಎಂದಳು. ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಚೀಟಿ ಹಿಡಿದು ಎದ್ದವಳು ಬಾಗಿಲ ಪರದೆಗೆ ಕೈಹಾಕಿ, ಅಲ್ಲೇ ನಿಂತು, "ಇನ್ನೊಂದೈತೆ ಡಾಕ್ಟ್ರಮ್ಮ" ಎಂದಳು. ಪರದೆಯ ಆಚೆ ಹತ್ತು ಜನ ನಿಂತಿದ್ದರು. ಅವರಲ್ಲಿ ಅವಳ ಮೈದುನನೂ ಇದ್ದನೆಂದು ಆಮೇಲೆ ತಿಳಿಯಿತು. "ಬಿಳಿ ಹೋಗ್ತೈತೆ" ಎಂದಳು, ತುಟಿ ಅಲುಗಿಸಿದಳು ಅಷ್ಟೇ. ನಾನು ಗೋಡೆಯ ಗಡಿಯಾರ ನೋಡಿದೆ. "ಮುಂದಿನ ವಾರ ಬಾಮ್ಮ, ನೋಡೋಣ" ಎಂದೆ.

ಮುಂದಿನ ವಾರ ಅವಳು ಬರಲಿಲ್ಲ. ಎರಡು ವರ್ಷದ ಮೇಲೆ ಮಗಳ ಹೆರಿಗೆಗೆಂದು ಬಂದಾಗ ಗುರುತು ಹಿಡಿದೆ. ಅವತ್ತಿನದು ಏನಾಯಿತಮ್ಮ ಎಂದು ಕೇಳಿದೆ. "ಚೀಲ ತೆಗೆಸಿದ್ವಿ" ಎಂದಳು. ಪಟ್ಟಣದಲ್ಲಿ, ಮನೆಯಲ್ಲಿದ್ದ ಕುರಿಗಳನ್ನೆಲ್ಲ ಮಾರಿ, ಗರ್ಭಕೋಶ ತೆಗೆಸಿಕೊಂಡು ಬಂದಿದ್ದಳು. ಅವಳಿಗೆ ನಿಜವಾಗಿ ಏನಾಗಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ನೋಡಲಿಲ್ಲ.

ನಮ್ಮ ಹೆಂಗಸರು ನಾಚಿಕೆಗೆ ಹೇಳಿಕೊಳ್ಳುವುದಿಲ್ಲ, ತಿಳಿವಳಿಕೆ ಇಲ್ಲ: ನಾನು ಕೇಳಿರುವ ಆರೋಗ್ಯ ಭಾಷಣಗಳೆಲ್ಲ ಹೀಗೇ ಶುರುವಾಗುತ್ತವೆ. ನಾನೇ ಮಾಡಿದವೂ ಹಾಗೆಯೇ ಇದ್ದವು. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕುಳಿತವಳಾಗಿ ಈಗ ಬೇರೆ ಮಾತು ಹೇಳುತ್ತೇನೆ. ಅವಳು ಹೇಳುತ್ತಾಳೆ. ಸುಸ್ತು ಎನ್ನುತ್ತಾಳೆ, ಸೊಂಟ ಬಿದ್ದುಹೋಗ್ತೈತೆ ಎನ್ನುತ್ತಾಳೆ, ಕಿಬ್ಬೊಟ್ಟೆ ಹಿಡಿದು ತೋರಿಸುತ್ತಾಳೆ, ಕಡೆಗೆ ಬಾಗಿಲ ಬಳಿ ನಿಂತು ನಿಜವಾದ ಮಾತನ್ನು ಆಡುತ್ತಾಳೆ. ಕೇಳಿಸಿಕೊಂಡವರು ಎದ್ದು ಬಾಗಿಲು ಹಾಕಬೇಕು, ಅವಳನ್ನು ಮಲಗಿಸಿ ಪರೀಕ್ಷೆ ಮಾಡಬೇಕು. ಆ ಪರೀಕ್ಷೆ ನಾವು ಅವಳಿಗೆ ತೀರಿಸಬೇಕಾದ ಬಾಕಿ. ಇವತ್ತು ನಾನು ಏನೇನು ಮಾತಾಡಿದರೂ ಆ ಬಾಕಿಯ ಸುತ್ತಲೇ.

ಈ ತೊಂದರೆಗೆ ಕನ್ನಡದಲ್ಲಿ ಹೆಸರುಗಳಿಗೇನೂ ಬರವಿಲ್ಲ. ಬಿಳಿ ಮುಟ್ಟು, ಬಿಳಿ ಸೆರಗು, ಬಿಳುಪು ಹೋಗುವುದು. ಹೆಸರಿನ ಜೊತೆಗೆ ಕಾರಣವೂ ಸಿದ್ಧವಾಗಿರುತ್ತದೆ: ಕಾವು, ಉಷ್ಣ, ಈಗಿನವರ ಬಾಯಲ್ಲಿ ಹೀಟು. ಮೆಂತ್ಯ ನೆನೆಹಾಕಿ ಕುಡಿ, ಎಳನೀರು ಕುಡಿ ಎಂದು ಮನೆಯಲ್ಲೇ ಒಂದಷ್ಟು ತಿಂಗಳು ಹೋಗುತ್ತವೆ. ಮೂಳೆ ಕರಗಿ ಹೀಗೆ ಹೋಗುತ್ತಿದೆ, ಮೈಯ ಸಾರವೆಲ್ಲ ಸೋರಿ ತಾನು ಸಾಯುತ್ತೇನೆ ಎಂದು ನಡುಗುತ್ತಾ ಬಂದವರನ್ನೂ ಕಂಡಿದ್ದೇನೆ. ಕಿರಿಯ ವೈದ್ಯರು ಇದಕ್ಕೆ ನಗುತ್ತಿದ್ದರು. ನಗಬೇಡಿ ಎಂದು ಅವರಿಗೆ ಹೇಳುತ್ತಿದ್ದೆ. ಏಕೆ ನಗಬಾರದು ಎಂಬುದಕ್ಕೆ ಸ್ವಲ್ಪ ಹೊತ್ತಿನ ಮೇಲೆ ಬರುತ್ತೇನೆ.

ಮೊದಲು ಮುಂದಿನ ಸಾಲುಗಳಲ್ಲಿ ಕುಳಿತಿರುವ ಹುಡುಗಿಯರಿಗೆ ಒಂದು ಮಾತು. ಬಿಳಿ ಹೋಗುವುದೆಲ್ಲ ರೋಗವಲ್ಲ. ಮೈನೆರೆದ ಹೆಣ್ಣಿನ ಯೋನಿ ಸದಾ ತೇವವಾಗಿಯೇ ಇರುತ್ತದೆ. ಎರಡು ಮುಟ್ಟಿನ ನಡುವೆ, ಅಂಡ ಬಿಡುಗಡೆಯಾಗುವ ದಿನಗಳಲ್ಲಿ, ಆ ತೇವ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಎಳೆದರೆ ಎಳೆಯಾಗುವಂತೆ ಇರುತ್ತದೆ. ಮುಟ್ಟು ಹತ್ತಿರವಾದಂತೆ ಮಂದವಾಗುತ್ತದೆ. ಬಸುರಿನಲ್ಲಿ ಹೆಚ್ಚುತ್ತದೆ. ಕೆಟ್ಟ ವಾಸನೆ, ತುರಿಕೆ, ಉರಿ, ನೋವು, ಬಣ್ಣದ ಬದಲಾವಣೆ ಇಲ್ಲದಿದ್ದರೆ ಅದು ಮೈ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಬಗೆ. ಎಷ್ಟೋ ಹುಡುಗಿಯರು ಹದಿನಾಲ್ಕನೆಯ ವಯಸ್ಸಿನಿಂದ ತಮಗೆ ರೋಗವಿದೆ ಎಂದುಕೊಂಡೇ ಬೆಳೆಯುತ್ತಾರೆ. ಈ ನಾಲ್ಕು ವಾಕ್ಯವನ್ನು ಹೇಳಲು ಮನೆಯಲ್ಲಿ ಯಾರಿಗೂ ಬಾಯಿ ಬಂದಿರುವುದಿಲ್ಲ.

ಯೋನಿಯೊಳಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳ ವಾಸವಿದೆ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಮೊಸರಿನ ಹುಳಿಯೂ ಅದೇ ಆಮ್ಲದ್ದು. ಆ ಹುಳಿಯಿಂದಾಗಿ ಒಳಗಿನ ಪಿ.ಎಚ್. ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ನಿಲ್ಲುತ್ತದೆ, ಬೇರೆ ಕ್ರಿಮಿಗಳಿಗೆ ಅಲ್ಲಿ ಬೇರೂರುವುದು ಕಷ್ಟವಾಗುತ್ತದೆ. ಅಡುಗೆಮನೆಯಲ್ಲಿ ಹೆಪ್ಪು ಕಾಪಾಡಿಕೊಂಡು ಬಂದವರಿಗೆ ಇದು ಹೊಸ ವಿದ್ಯೆಯೇನಲ್ಲ. ಹೆಪ್ಪು ಕೆಟ್ಟ ದಿನ ಹಾಲು ಲೋಳೆಯಾಗುತ್ತದೆ, ನಾತ ಹೊಡೆಯುತ್ತದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ನಾವು ಕರೆಯುವುದು ಬಹುಮಟ್ಟಿಗೆ ಇದನ್ನೇ: ಒಳಗಿನ ಹೆಪ್ಪು ಕೆಟ್ಟಿದೆ, ಹುಳಿ ಇಳಿದಿದೆ, ಸ್ರಾವ ತೆಳ್ಳಗೆ ಬೂದುಬಣ್ಣಕ್ಕೆ ತಿರುಗಿ ಮೀನಿನ ವಾಸನೆ ಬರುತ್ತದೆ. ವಾಸನೆಗೆ ಹೆದರಿ ಸೋಪು, ಡೆಟಾಲ್ ಹಾಕಿ ಒಳಗೆಲ್ಲ ತೊಳೆಯುವವರಿದ್ದಾರೆ. ತೊಳೆದಷ್ಟೂ ಉಳಿದಿದ್ದ ಹೆಪ್ಪೂ ಹೋಗುತ್ತದೆ. ಹೊರಗೆ ನೀರು ಸಾಕು. ಹೋಲಿಕೆ ಕೇಳಿ ಯಾರೂ ಮೊಸರು ಹಚ್ಚಿಕೊಳ್ಳಲು ಹೋಗಬೇಡಿ. ಅದಕ್ಕೆ ಸರಿಯಾದ ಮಾತ್ರೆ ಇದೆ.

ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿನಲ್ಲಿ ಸ್ರಾವ ಒಡೆದ ಹಾಲಿನ ಗಟ್ಟಿಯಂತಿರುತ್ತದೆ, ತುರಿಕೆ ನಿದ್ದೆಗೆಡಿಸುತ್ತದೆ. ಗರ್ಭಿಣಿಯರಲ್ಲಿ, ಆ್ಯಂಟಿಬಯೋಟಿಕ್ ತೆಗೆದುಕೊಂಡವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಬಿಟ್ಟುಬಿಟ್ಟು ತುರಿಕೆ ಬರುತ್ತಿದ್ದ ಹೆಂಗಸಿಗೆ ಸಕ್ಕರೆ ಇದೆಯೆಂದು ಮೊದಲ ಸಲ ಗೊತ್ತಾದದ್ದು ನನ್ನ ಬಳಿ ಎಷ್ಟೋ ಸಲ ಹೀಗೆಯೇ. ಟ್ರೈಕೊಮೊನಾಸ್ ಎಂಬುದು ಸಂಗದಿಂದ ಹರಡುವಂಥದ್ದು, ಹಳದಿ-ಹಸಿರು, ನೊರೆನೊರೆ. ಗಂಡಸಿನಲ್ಲಿ ಅದು ಸದ್ದಿಲ್ಲದೆ ಕುಳಿತಿರುತ್ತದೆ. ಇವು ಮೂರೂ ಕಾಡುತ್ತವೆ, ಆದರೆ ಎಷ್ಟೋ ಸಲ ತಮ್ಮ ಇರವನ್ನು ಹೇಳಿಕೊಳ್ಳುತ್ತವೆ. ನನಗೆ ಹೆಚ್ಚು ಭಯವಿರುವುದು ಗರ್ಭಕಂಠದಲ್ಲಿ ನೆಲೆಸುವ ಕ್ಲಮೈಡಿಯಾ ಮತ್ತು ಗೊನೋರಿಯಾ ಬಗ್ಗೆ. ಬಹುಪಾಲು ಹೆಂಗಸರಲ್ಲಿ ಅವು ಯಾವ ಸುಳಿವನ್ನೂ ಕೊಡುವುದಿಲ್ಲ. ಸದ್ದಿಲ್ಲದೆ ಗರ್ಭಕೋಶಕ್ಕೆ, ಅಲ್ಲಿಂದ ಗರ್ಭನಾಳಗಳಿಗೆ ಏರುತ್ತವೆ. ನಾಳ ಒಳಗೆ ಅಂಟಿಕೊಂಡು ಮುಚ್ಚುತ್ತದೆ. ಮಕ್ಕಳಾಗಲಿಲ್ಲವೆಂದು ದೇವರಿಂದ ದೇವರಿಗೆ ಅಲೆದು, ಮನೆಯವರ ಮಾತು ಕೇಳಿ ಸವೆದುಹೋದ ಹೆಂಗಸರಲ್ಲಿ ಎಷ್ಟು ಜನಕ್ಕೆ ಆ ಸೋಂಕು ಗಂಡನಿಂದಲೇ ಬಂದಿತ್ತೋ! ಬಸುರು ಗರ್ಭಕೋಶ ಬಿಟ್ಟು ನಾಳದಲ್ಲೇ ನಿಂತು, ನಾಳ ಒಡೆದು, ಹೊಟ್ಟೆ ತುಂಬ ರಕ್ತ ತುಂಬಿಕೊಂಡು ಮೇಜಿನ ಮೇಲೆ ಬಂದವರೂ ಇದ್ದಾರೆ. ಶುಚಿಯಿಲ್ಲದ ಕೈಯಲ್ಲಾದ ಗರ್ಭಪಾತ, ಸೋಂಕು ಇದೆಯೋ ಇಲ್ಲವೋ ನೋಡದೆ ಹಾಕಿದ ಗರ್ಭನಿರೋಧಕ ವಂಕಿ, ಇವೂ ಅದೇ ದಾರಿಯನ್ನು ತೆರೆದುಕೊಡುತ್ತವೆ.

ಈಗ ಕೆಲವು ಲೆಕ್ಕಗಳು. 1989ರ ಜನವರಿಯಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಹಾರಾಷ್ಟ್ರದ ಗಡ್ಚಿರೋಲಿ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್, ಡಾ. ಅಭಯ್ ಬಂಗ್ ಮತ್ತು ಸಂಗಡಿಗರು 650 ಹೆಂಗಸರನ್ನು ಪರೀಕ್ಷಿಸಿದ್ದರು. ದೂರು ಹೇಳಿಕೊಂಡವರನ್ನೂ ನೋಡಿದರು, ಏನೂ ಇಲ್ಲ ಎಂದವರನ್ನೂ ನೋಡಿದರು. ಶೇ. 92ರಷ್ಟು ಹೆಂಗಸರಲ್ಲಿ ಒಂದಲ್ಲ ಒಂದು ಸ್ತ್ರೀರೋಗ, ಸರಾಸರಿ ಒಬ್ಬೊಬ್ಬರಲ್ಲಿ 3.6 ತೊಂದರೆ. ಅಲ್ಲಿಯವರೆಗೆ ನಮ್ಮ ಇಲಾಖೆಗೆ ಹೆಣ್ಣೆಂದರೆ ಬಸುರಿ, ಬಾಣಂತಿ, ಇಲ್ಲವೇ ಸಂತಾನಹರಣ ಆಪರೇಷನ್ನಿನ ಗುರಿಸಂಖ್ಯೆ. ಆ ಮೂರೂ ಆಗಿಲ್ಲದ ದಿನಗಳಲ್ಲೂ ಅವಳಿಗೊಂದು ಮೈಯಿದೆ ಎಂದು ದೇಶಕ್ಕೆ ತೋರಿಸಿದ ಅಧ್ಯಯನವಿದು. 1994ರ ಕೈರೋ ಜನಸಂಖ್ಯಾ ಸಮ್ಮೇಳನದ ತರುವಾಯ, 1997ರಲ್ಲಿ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಕಾರ್ಯಕ್ರಮ ಬಂದು, ಈ ಸೋಂಕುಗಳ ಚಿಕಿತ್ಸೆ ಸರ್ಕಾರದ ಪಟ್ಟಿಗೆ ಸೇರಿತು. ಎಲ್ಲರೂ ಆ 92ನ್ನು ಉದಾಹರಿಸುತ್ತಾರೆ. ಅದರಲ್ಲಿ ಮುಟ್ಟಿನ ತೊಂದರೆಯೂ ಸೇರಿದೆ, ಎಲ್ಲವೂ ಸೋಂಕಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ: ಆ ಹೆಂಗಸರಲ್ಲಿ ಹಿಂದೆ ಎಂದಾದರೂ ಒಮ್ಮೆ ಸ್ತ್ರೀರೋಗ ಪರೀಕ್ಷೆ ಆಗಿದ್ದದ್ದು ಶೇ. 8ರಷ್ಟು ಜನಕ್ಕೆ.

ನಮ್ಮ ಕರ್ನಾಟಕದಲ್ಲೇ 3,600 ತಾಯಂದಿರನ್ನು ಮಾತಾಡಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಸುಮಾರು ಮೂವರಲ್ಲಿ ಒಬ್ಬರು ತಮಗೆ ಇಂಥದೊಂದು ತೊಂದರೆ ಈಗಲೂ ಇದೆ ಎಂದರು. ಮನೆಯ ಅಂಗಳದಲ್ಲಿ ಕುಳಿತು ಯಾರಾದರೂ ಕೇಳಿದರೆ ಅವರು ಹೇಳುತ್ತಾರೆ, ನೋಡಿ.

ಮೈಯ ಸಾರ ಸೋರುತ್ತದೆ ಎನ್ನುವವರ ಮಾತಿಗೆ ನಗಬೇಡಿ ಎಂದೆನಲ್ಲ, ಅದಕ್ಕೆ ಕಾರಣ ಗೋವಾದಿಂದ ಬಂತು. ಅಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತವರ ತಂಡ ಸುಮಾರು 2,500 ಹೆಂಗಸರನ್ನು ಮಾತಾಡಿಸಿ, ಪ್ರಯೋಗಾಲಯದ ಪರೀಕ್ಷೆಯನ್ನೂ ಮಾಡಿ, 2005ರಲ್ಲಿ ತಮ್ಮ ಬರಹ ಪ್ರಕಟಿಸಿತು. ಬಿಳಿ ಹೋಗುತ್ತದೆ ಎಂದ ಬಹಳ ಮಂದಿಯಲ್ಲಿ ಸೋಂಕು ಸಿಗಲಿಲ್ಲ. ಸೋಂಕು ಇದ್ದ ಬಹಳ ಮಂದಿ ದೂರು ಹೇಳಿರಲಿಲ್ಲ. ಆ ದೂರಿನ ಜೊತೆಗೆ ಗಟ್ಟಿಯಾಗಿ ಹೆಣೆದುಕೊಂಡಿದ್ದದ್ದು ಮನಸ್ಸಿನ ಕುಗ್ಗು, ಆತಂಕ, ಬದುಕಿನ ಸಂಕಟಗಳು. ಓದಿದಾಗ ನನಗೆ ಎಷ್ಟೋ ಮುಖಗಳು ಎದುರಿಗೆ ಬಂದವು. ಮೈಯ ಸಾರ ಸೋರಿಹೋಗುತ್ತಿದೆ ಎಂದು ಹೇಳುವವಳು, ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ, ಮೂರನೆಯದೂ ಹೆಣ್ಣಾದದ್ದರ ಬಗ್ಗೆ, ಬೆಳಗಿನ ನಾಲ್ಕರಿಂದ ರಾತ್ರಿ ಹತ್ತರವರೆಗಿನ ದುಡಿಮೆಯ ಬಗ್ಗೆ ಹೇಳುತ್ತಿದ್ದಿರಬಹುದು. ಹಾಗಾದರೆ ಅವಳಿಗೆ ಏನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂದು ಕಳಿಸಿಬಿಡಬಹುದೇ? ಆ ಅಧ್ಯಯನ ಹಾಗೆ ಹೇಳುವುದಿಲ್ಲ. ಮೈಸೂರಿನಲ್ಲಿ ಸುಮಾರು 900 ಹೆಂಗಸರನ್ನು ಪರೀಕ್ಷಿಸಿದ ಇನ್ನೊಂದು ಅಧ್ಯಯನದಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇತ್ತು. ಬಸುರಿನಲ್ಲಿ ಅದು ಇದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಅಂದಮೇಲೆ ಯಾರಿಗೆ ಸೋಂಕು, ಯಾರಿಗೆ ಸಂಕಟ, ಯಾರಿಗೆ ಎರಡೂ ಎಂದು ಮೇಜಿನ ಆಚೆಯಿಂದ ಮುಖ ನೋಡಿ ಹೇಳಲು ಯಾವ ಪಂಡಿತ ವೈದ್ಯರಿಂದಲೂ ಆಗದು.

ಆದರೂ ನಾವು ಮೇಜಿನ ಆಚೆಯಿಂದಲೇ ಔಷಧ ಕೊಟ್ಟೆವು. ಪ್ರಯೋಗಾಲಯವಿಲ್ಲದ ಊರುಗಳಿಗಾಗಿ ಲಕ್ಷಣ ನೋಡಿ ಚಿಕಿತ್ಸೆ ಕೊಡುವ ಪದ್ಧತಿ ಬಂತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಬಣ್ಣಬಣ್ಣದ ಔಷಧ ಕಿಟ್‌ಗಳನ್ನು ಮಾಡಿತು. ಯೋನಿಸ್ರಾವಕ್ಕೆ ಹಸಿರು, ಗರ್ಭಕಂಠದ ಸೋಂಕಿಗೆ ಬೂದು, ಕಿಬ್ಬೊಟ್ಟೆ ನೋವಿಗೆ ಹಳದಿ. ದೊಡ್ಡ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂದು ಬೋರ್ಡು ಬಂತು. ಆ ಯೋಚನೆಯಲ್ಲಿ ತಪ್ಪಿರಲಿಲ್ಲ. ಇಪ್ಪತ್ತು ಮೈಲಿ ನಡೆದು ಬಂದವಳನ್ನು ವರದಿ ಬರಲಿ ಎಂದು ವಾಪಸು ಕಳಿಸುವುದಕ್ಕಿಂತ ಅವತ್ತೇ ಔಷಧ ಕೊಟ್ಟು ಕಳಿಸುವುದು ಎಷ್ಟೋ ಮೇಲು, ಉಚಿತವಾಗಿ ಕೊಡುವುದು ಇನ್ನೂ ಮೇಲು. ಮಾರ್ಗಸೂಚಿಯಲ್ಲಿ ಪರೀಕ್ಷೆ ಮಾಡಿ ಕಿಟ್ ಕೊಡಿ ಎಂದೇ ಇದೆ. ದಿನಕ್ಕೆ ನೂರು ರೋಗಿಗಳಿದ್ದಲ್ಲಿ ಪರೀಕ್ಷೆ ಬಿಟ್ಟುಹೋಯಿತು, ಕಿಟ್ ಉಳಿಯಿತು. ಸೋಂಕಿಲ್ಲದವಳು ಹಸಿರು ಕಿಟ್ ನುಂಗಿ ಹೊಟ್ಟೆ ತೊಳಸಿಕೊಂಡು ಮಲಗಿದಳು. ಸೋಂಕಿದ್ದು ದೂರು ಹೇಳದವಳು ಪಕ್ಕದ ಮನೆಯಲ್ಲಿ ಹಾಗೆಯೇ ಇದ್ದಳು.

ಪರೀಕ್ಷೆಗೆ ದೊಡ್ಡ ಯಂತ್ರ ಬೇಕೆಂದು ತಿಳಿಯಬೇಡಿ. ಒಂದು ಪಿ.ಎಚ್. ಕಾಗದದ ಚೂರು, ಗಾಜಿನ ಪಟ್ಟಿ, ಒಂದು ಹನಿ ಸಲೈನ್, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಕ್ಷಯದ ಕಫ ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇಟ್ಟುಕೊಂಡಿರುವ ಅದೇ ಸೂಕ್ಷ್ಮದರ್ಶಕ. ಸಲೈನಿನಲ್ಲಿ ಟ್ರೈಕೊಮೊನಾಸ್ ಇದ್ದರೆ ಓಡಾಡುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಹನಿಯಲ್ಲಿ ಶಿಲೀಂಧ್ರದ ಎಳೆಗಳು ತೋರುತ್ತವೆ, ಹೆಪ್ಪು ಕೆಟ್ಟಿದ್ದರೆ ಆ ಹನಿ ಬಿದ್ದ ಕೂಡಲೇ ಮೀನಿನ ವಾಸನೆ ಏಳುತ್ತದೆ. ಹತ್ತು ನಿಮಿಷದ ಕೆಲಸ. ಕಣ್ಣಿಗೆ ಕಾಣದ ಕ್ಲಮೈಡಿಯಾ, ಗೊನೋರಿಯಾಗಳಿಗೆ ಬೇರೆ ಪ್ರಯೋಗಾಲಯ ಪರೀಕ್ಷೆ ಬೇಕು, ನಿಜ. ವಿಶ್ವ ಆರೋಗ್ಯ ಸಂಸ್ಥೆಯೂ 2021ರ ಮಾರ್ಗಸೂಚಿಯಲ್ಲಿ ಸೌಲಭ್ಯ ಇರುವೆಡೆ ಪರೀಕ್ಷೆಯ ಆಧಾರದ ಮೇಲೇ ಚಿಕಿತ್ಸೆ ಕೊಡಿ ಎಂದಿದೆ.

ಹುಡುಗಿಯರಿಗೆ ಈ ಪರೀಕ್ಷೆಯ ಭಯವಿರುತ್ತದೆ. ಏನಾಗುತ್ತದೆ ಎಂದು ಹೇಳುವವರಿಲ್ಲದ್ದರಿಂದ ಭಯ. ಮೂತ್ರ ಮಾಡಿ ಬಂದು ಮಲಗಬೇಕು, ಮಂಡಿ ಮಡಿಸಿ ಅಗಲಿಸಬೇಕು. ಮೈಮೇಲೆ ಹೊದಿಕೆ ಇರುತ್ತದೆ, ಕೋಣೆಯಲ್ಲಿ ಒಬ್ಬ ಸಿಸ್ಟರ್ ಇರಬೇಕು. ವೈದ್ಯರು ಹೊರಗಿನಿಂದ ನೋಡುತ್ತಾರೆ. ಆಮೇಲೆ ಬಾತುಕೋಳಿಯ ಕೊಕ್ಕಿನಂಥ ಸ್ಪೆಕ್ಯುಲಂ ಒಳಗಿಟ್ಟು ಗರ್ಭಕಂಠ ನೋಡುತ್ತಾರೆ, ಹತ್ತಿಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆಯುತ್ತಾರೆ. ಚಳಿಗಾಲದಲ್ಲಿ ಆ ಲೋಹವನ್ನು ಬೆಚ್ಚಗಿನ ನೀರಿನಲ್ಲಿ ಹಿಡಿದು ಒಳಗಿಡುವುದು ಒಂದು ಮರ್ಯಾದೆ; ನನಗೆ ಅದನ್ನು ಕಲಿಸಿದ್ದು ಹಿರಿಯ ಸಿಸ್ಟರ್ ಒಬ್ಬರು. ಸಂಗದ ಅನುಭವವಿಲ್ಲದ ಹುಡುಗಿಗೆ ಸಾಮಾನ್ಯವಾಗಿ ಸ್ಪೆಕ್ಯುಲಂ ಬೇಕಾಗುವುದಿಲ್ಲ. ಯಾವ ಹಂತದಲ್ಲಾದರೂ "ಸಾಕು, ನಿಲ್ಲಿಸಿ" ಎಂದು ಹೇಳುವ ಹಕ್ಕು ನಿಮಗಿದೆ. "ಮದುವೆಯಾಗಿದೆಯಾ?" ಎಂದು ವೈದ್ಯರು ಕೇಳುತ್ತಾರಲ್ಲ, ಆ ಒಂದು ಪ್ರಶ್ನೆಗೆ ಹೆದರಿ ಮದುವೆಯಾಗದ ಎಷ್ಟೋ ಜನ, ವಿಧವೆಯರು, ಗಂಡ ಬಿಟ್ಟವರು ಬರುವುದೇ ಇಲ್ಲ. ತುರಿಕೆಯಿದೆಯೇ ಎಂದು ಮೊದಲು ಕೇಳಿದರೆ ಏನು ಹೋಗುತ್ತದೆ?

ಬರುವುದು ಕಷ್ಟವಾಗುವುದಕ್ಕೆ ನಾಚಿಕೆಗಿಂತ ದೊಡ್ಡ ಕಾರಣಗಳಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 60ರಷ್ಟು ಹೆಂಗಸರು ವೈದ್ಯರ ಬಳಿ ಹೋಗಲು ತಮಗೆ ಒಂದಾದರೂ ಅಡ್ಡಿಯಿದೆ ಎಂದರು: ಹಣ, ದೂರ, ಜೊತೆಗೆ ಬರುವವರಿಲ್ಲ, ಅಲ್ಲಿ ಮಹಿಳಾ ಸಿಬ್ಬಂದಿಯಿಲ್ಲ, ಔಷಧವಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಟಿಕೆಟ್ಟಿನ ಚಿಂತೆ ನಮ್ಮ ರಾಜ್ಯದ ಹೆಂಗಸರಿಗೆ ತಪ್ಪಿದೆ. ಗಂಡನ ಕೈ ನೋಡದೆ ತಾಲ್ಲೂಕು ಆಸ್ಪತ್ರೆಗೆ ಬಂದವರನ್ನು ನಾನೇ ಕಂಡಿದ್ದೇನೆ, ಅದು ಸಣ್ಣ ಬದಲಾವಣೆಯಲ್ಲ. ಆದರೆ ಬಂದ ದಿನದ ಕೂಲಿ ಕೈತಪ್ಪುವುದು ನಿಂತಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ, ಶೇಂಗಾ ಕೀಳುವ ಕಾಲದಲ್ಲಿ ಯಾವ ಹೆಣ್ಣಾಳೂ ಆಸ್ಪತ್ರೆಗೆ ಬರುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಶೌಚಾಲಯಕ್ಕೆ ಎದ್ದರೆ ಪೀಸು ಕಡಿಮೆಯಾಗುತ್ತದೆಂದು ನೀರನ್ನೇ ಕುಡಿಯದೆ ಉರಿಮೂತ್ರ ಹಚ್ಚಿಕೊಳ್ಳುತ್ತಾರೆ.

ಇನ್ನೊಂದು ಕಾರಣ ನಮ್ಮ ರಾಜ್ಯಕ್ಕೆ ಹೆಚ್ಚು ಸಲ್ಲುತ್ತದೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57.4ರಷ್ಟು ಮಂದಿಗೆ ಸಂತಾನಹರಣ ಚಿಕಿತ್ಸೆಯಾಗಿದೆ. ಬಹಳ ಜನಕ್ಕೆ ಆಗುವಾಗ ವಯಸ್ಸು ಇಪ್ಪತ್ತೈದರ ಸುಮಾರು. ಅಲ್ಲಿಯವರೆಗೆ ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯ ಭೇಟಿ, ಸಿಸ್ಟರ್ ಮನೆಬಾಗಿಲಿಗೆ. ಆಪರೇಷನ್ ಆದ ದಿನ ಅವಳ ಕಡತ ಮುಚ್ಚುತ್ತದೆ. ಆಮೇಲಿನ ಇಪ್ಪತ್ತೈದು ವರ್ಷ, ಸೋಂಕುಗಳೂ ಗರ್ಭಕಂಠದ ಬದಲಾವಣೆಗಳೂ ಕಾಡುವ ವರ್ಷಗಳು, ಅವಳನ್ನು ಹುಡುಕಿಕೊಂಡು ಹೋಗುವ ಕೆಲಸ ಯಾರಿಗೂ ಇಲ್ಲ.

ಹುಡುಕಿಕೊಂಡು ಹೋದವರು ಬೇರೆಯವರು. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಸುದ್ದಿ ಹೊರಬಂತು. ಹೊಟ್ಟೆನೋವು, ಬಿಳಿ ಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಗರ್ಭಕೋಶ ಕಳೆದುಕೊಂಡು ಬಂದಿದ್ದರು. ಹಲವರಿಗೆ ನಲವತ್ತು ದಾಟಿರಲಿಲ್ಲ. ಕರ್ನಾಟಕ ಜನಾರೋಗ್ಯ ಚಳವಳಿಯವರು ಅವರ ಮಾತುಗಳನ್ನು ದಾಖಲಿಸಿದರು. ವಿಚಾರಣೆಗಳು ನಡೆದವು. ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂಬ ಒಂದು ಮಾತು ಸಾಕಾಗಿತ್ತು. ಹೆಂಗಸು ಹೆದರಿದಳು, ಮನೆಯವರು ಸಾಲ ತಂದರು. ಮಾತ್ರೆಯಲ್ಲಿ ಗುಣವಾಗುವ ಸೋಂಕಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಅದರ ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದರ ಹೆಂಗಸು ಒಂದೇ ದಿನದಲ್ಲಿ ಮುಟ್ಟು ನಿಂತವಳಾಗುತ್ತಾಳೆ, ಮೂಳೆ ಸವೆಯತೊಡಗುತ್ತದೆ. ಹೊತ್ತು ತರುವ ಕೊಡ, ಬಗ್ಗುವ ಹೊಲ ಹಾಗೆಯೇ ಇರುತ್ತವೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲೂ ಇದೇ ಕಥೆ. ಡಾ. ನರೇಂದ್ರ ಗುಪ್ತ ಅವರ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಹೊರಡಿಸಿದ್ದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ಹೇಳಿತು.

ಕ್ಯಾನ್ಸರಿನ ಭಯ ಸುಳ್ಳಿನ ಮೇಲೆ ನಿಂತದ್ದೆಂದು ನಾನು ಹೇಳಲಾರೆ. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, 80 ಸಾವಿರದಷ್ಟು ಜನ ಸಾಯುತ್ತಾರೆ. ಅದು ಬರುವುದು ಎಚ್.ಪಿ.ವಿ. ಎಂಬ ವೈರಸ್ಸಿನಿಂದ, ವರ್ಷಗಟ್ಟಲೆ ನಿಧಾನವಾಗಿ. ನಮ್ಮ ಸರ್ಕಾರದ ಸೂಚನೆಯಂತೆ ಮೂವತ್ತು ದಾಟಿದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ, ಎಂದರೆ ವಿನೆಗರಿನಲ್ಲಿರುವ ಆಮ್ಲ, ಹಚ್ಚಿ ನೋಡಬೇಕು. ಬದಲಾವಣೆಯಾದ ಜಾಗ ಬೆಳ್ಳಗಾಗಿ ಕಾಣುತ್ತದೆ. ಮೂವತ್ತರಿಂದ ನಲವತ್ತೊಂಬತ್ತರ ವಯಸ್ಸಿನಲ್ಲಿ ಹೀಗೆ ಒಮ್ಮೆಯಾದರೂ ತಪಾಸಣೆಯಾದವರು, 2019–21ರ ಅದೇ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಶೇ. 1.9. ಸೋಂಕು ನೋಡಲು ಅವಳನ್ನು ಮಲಗಿಸಿದಾಗಲೇ ಇದನ್ನೂ ನೋಡಬಹುದಲ್ಲ! ನೋಡದೆ ಹಸಿರು ಕಿಟ್ ಕೊಡುವವರೂ, ನೋಡದೆ ಕ್ಯಾನ್ಸರ್ ಎಂದು ಹೆದರಿಸಿ ಕತ್ತರಿ ಹಿಡಿಯುವವರೂ, ಇಬ್ಬರೂ ಆ ಸ್ಪೆಕ್ಯುಲಂ ಮುಟ್ಟಿರುವುದಿಲ್ಲ.

ಮುಟ್ಟಿನ ಬಟ್ಟೆಯ ವಿಷಯ ಹೇಳದೆ ಬಿಟ್ಟರೆ ಹೆಂಗಸರು ನನ್ನನ್ನು ಬೈಯುತ್ತಾರೆ. ಒಡಿಶಾದ 486 ಹೆಂಗಸರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಟ್ಟಿಗೆ ಬಟ್ಟೆಯನ್ನು ಮತ್ತೆ ಮತ್ತೆ ಬಳಸುವವರಲ್ಲಿ ಸೋಂಕಿನ ಲಕ್ಷಣ ಹೆಚ್ಚಿತ್ತು. ದೋಷ ಬಟ್ಟೆಯದಷ್ಟೇ ಅಲ್ಲ. ಕಣ್ಣಿಗೆ ಬೀಳದಂತೆ ಸೀರೆಯಡಿ, ಹಟ್ಟಿಯ ಕತ್ತಲಲ್ಲಿ ಒಣಗಿಸಿದ ಬಟ್ಟೆ ಒಣಗುವುದೇ ಇಲ್ಲ. ಬಿಸಿಲಿಗೆ ಹಾಕಿ. ಶಾಲೆಯಲ್ಲಿ ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಬಂದರೆ ಬಿಡಬೇಡಿ.

ಗಂಡನ ಮಾತ್ರೆಯ ಬಗ್ಗೆಯೂ ಹೇಳಬೇಕು. ಟ್ರೈಕೊಮೊನಾಸ್ ಇದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು, ಇಲ್ಲದಿದ್ದರೆ ತಿಂಗಳಲ್ಲಿ ಮತ್ತೆ ಬರುತ್ತದೆ. ಮಾತ್ರೆ ಕೊಟ್ಟು, "ಯಜಮಾನರಿಗೂ ಕೊಡಮ್ಮ" ಎಂದು ಹೇಳುವುದು ನಮಗೆ ಸುಲಭ. ಅವಳು ಮನೆಗೆ ಹೋಗಿ ಏನೆಂದು ಹೇಳಬೇಕು? ಒಬ್ಬಳು ಮಾತ್ರೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಹದಿನೈದು ದಿನ ಕಳೆದು ಹಾಗೆಯೇ ವಾಪಸು ತಂದುಕೊಟ್ಟಳು. "ಕೊಟ್ರೆ ನನ್ನೇ ಕೇಳ್ತಾನೆ ತಾಯಿ, ಯಾರಿಂದ ತಂದೆ ಅಂತ" ಎಂದಳು. ಅಂದಿನಿಂದ ನಾನು ಚೀಟಿಯಲ್ಲಿ ಗಂಡನ ಹೆಸರು ಬರೆದು, ಡಾಕ್ಟರು ಬರಹೇಳಿದ್ದಾರೆ ಎಂದು ಆಶಾ ಮೂಲಕ ಕರೆಸಿ, ನಾನೇ ಕೂರಿಸಿ ಹೇಳುತ್ತಿದ್ದೆ. ಹತ್ತರಲ್ಲಿ ನಾಲ್ವರು ಬರುತ್ತಿದ್ದರು. ಬಂದವರು ಬಾಯಿ ಮುಚ್ಚಿಕೊಂಡು ಮಾತ್ರೆ ನುಂಗಿ ಹೋಗುತ್ತಿದ್ದರು. ಅಷ್ಟು ಸಾಕಾಗಿತ್ತು.

ಹೆಣ್ಣಿನ ಮೈಯ ಬಗ್ಗೆ ಕನ್ನಡದಲ್ಲಿ ಮಾತಾಡಲು ನಮಗೆ ದಾರಿ ಮಾಡಿಕೊಟ್ಟವರು ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ. ವೈದ್ಯೆಯಾಗಿ, ಕಾದಂಬರಿಕಾರ್ತಿಯಾಗಿ ದುಡಿಯುತ್ತಲೇ 'ತಾಯಿ-ಮಗು', 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ' ಬರೆದರು. 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮೆಡಿಕಲ್ ಕಾಲೇಜಿನಲ್ಲಿ ನಾನು ಇಂಗ್ಲಿಷಿನಲ್ಲಿ ಓದಿದ್ದ ಅಂಗಗಳಿಗೆ ರೋಗಿಯ ಮುಂದೆ ಹೇಳಬಹುದಾದ ಕನ್ನಡ ಸಿಕ್ಕಿದ್ದು ಅವರ ಪುಸ್ತಕಗಳಲ್ಲಿ. ಈ ಕಾಲೇಜಿನ ಗ್ರಂಥಾಲಯದಲ್ಲಿ ಅವು ಬೀಗದ ಬೀರುವಿನಲ್ಲಿದ್ದರೆ, ದಯವಿಟ್ಟು ಹೊರಗಿಡಿ.

ಕಡೆಗೆ ನಾನು ಮಾಡಿದ ಒಂದು ಸಣ್ಣ ಕೆಲಸ. ಆಮೇಲೆ ಕೆಲಸ ಮಾಡಿದ ಆಸ್ಪತ್ರೆಯೊಂದರ ಪರೀಕ್ಷಾ ಕೋಣೆಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ಉಗ್ರಾಣಕ್ಕೆ ಹೋಗುವ ಸಿಬ್ಬಂದಿ ಅದರ ಮೂಲಕವೇ ಹಾಯುತ್ತಿದ್ದರು. ಹೆಂಗಸರು ಮಲಗಿದಲ್ಲೇ ಕತ್ತು ಹೊರಳಿಸಿ ಬಾಗಿಲನ್ನೇ ನೋಡುತ್ತಿದ್ದರು, ಮೈಯೆಲ್ಲ ಬಿಗಿ. ಚಿಲಕಕ್ಕೆಂದು ಎರಡು ಸಲ ಬರೆದುಕೊಟ್ಟೆ, ಒಂದು ವರ್ಷ ಕಳೆಯಿತು. ಒಂದು ಸಂಜೆ ಪೇಟೆಯಲ್ಲಿ ಚಿಲಕ, ನಾಲ್ಕು ಸ್ಕ್ರೂ ಕೊಂಡುತಂದೆ. ಆಂಬುಲೆನ್ಸ್ ಡ್ರೈವರ್ ಸ್ಕ್ರೂಡ್ರೈವರ್ ತಂದು ಕೂರಿಸಿಕೊಟ್ಟರು. ಮಾರನೆಯ ಬೆಳಿಗ್ಗೆ ಮೊದಲು ಬಂದವಳು ದೊಡ್ಡ ಮೈಯ, ವಯಸ್ಸಾದ ಹೆಂಗಸು. ಹಿಂದೆ ಎರಡು ಸಲ ಸೊಂಟನೋವೆಂದು ಬಂದು ಮುಲಾಮು ತೆಗೆದುಕೊಂಡು ಹೋಗಿದ್ದವಳು. ಒಳಗೆ ಬಂದು ಬಾಗಿಲಿನತ್ತ ನೋಡಿದಳು. "ಹಾಕ್ಲಾ ಡಾಕ್ಟ್ರಮ್ಮ?" ಎಂದಳು. ಹಾಕಮ್ಮ ಎಂದೆ. ಚಿಲಕ ಸರಿಸಿದಳು, ಬಾಗಿಲನ್ನು ಒಮ್ಮೆ ಜಗ್ಗಿ ನೋಡಿದಳು. ಆಮೇಲೆ ಬಂದು ನನ್ನೆದುರು ಕುಳಿತು, ಸೊಂಟದ ಸುದ್ದಿಯನ್ನೇ ಎತ್ತದೆ, ಆರು ವರ್ಷದ ಹಿಂದೆ ಶುರುವಾದದ್ದನ್ನು ಮೊದಲಿನಿಂದ ಹೇಳತೊಡಗಿದಳು.